ಹಲ್ಲು, ಎಲುಬುಗಳ ಖನಿಜದ ಜಮಾಖರ್ಚು

ಹಲ್ಲಿನ ಹೊರಕವಚವಾದ ಎನಾಮಲ್ಲಿಗೂ ಎಲುಬಿಗೂ ಗಟ್ಟಿತನ ಬರುವುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಕಟ್ಟಿದ ಹೈಡ್ರಾಕ್ಸಿ ಅಪಟೈಟ್ ಎಂಬ ಖನಿಜದಿಂದ. ಈ ಖನಿಜ ಕರಗುವುದೂ ಮರಳಿ ಕೂಡುವುದೂ ಬದುಕಿನುದ್ದಕ್ಕೂ ನಡೆಯುತ್ತದೆ ಎಂಬ ತಿಳಿವಳಿಕೆ ಮಾತ್ರ ತಡವಾಗಿ, ಹಂತಹಂತವಾಗಿ ಕೂಡಿಬಂದಿತು.

ಬಾಯಿಯ ಸೂಕ್ಷ್ಮಾಣುಗಳು ಸಿಹಿಯನ್ನು ಹುಳಿಸಿ ಆಮ್ಲವನ್ನು ಉಂಟುಮಾಡುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು 1890ರ ಸುಮಾರಿಗೆ ಡಬ್ಲ್ಯು. ಡಿ. ಮಿಲ್ಲರ್ ತೋರಿಸಿದರು. ಆಮ್ಲದಿಂದ ಮೆತ್ತಗಾದ ಎನಾಮಲ್ ಲಾಲಾರಸದಲ್ಲಿ, ಅಂದರೆ ಜೊಲ್ಲಿನಲ್ಲಿ, ಮತ್ತೆ ಗಟ್ಟಿಯಾಗುವುದನ್ನು 1912ರಲ್ಲಿ ಜೋಸೆಫ್ ಹೆಡ್ ವರದಿ ಮಾಡಿದರು. ಜೊಲ್ಲಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳೇ ಈ ದುರಸ್ತಿಯ ಸಾಮಗ್ರಿ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಾಚಿಯಲ್ಲಿ ಆಮ್ಲ ಏರಿ, ಅದು ಇಳಿಯಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕೆಂಬುದನ್ನು 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಅಳೆದರು. ಎಂಟು ವರ್ಷದ ಮಕ್ಕಳ ಹಲ್ಲುಗಳಲ್ಲಿ ಕಂಡ, ಕರಗುವಿಕೆಯ ಗುರುತಾದ 72 ಬಿಳಿ ಮಚ್ಚೆಗಳಲ್ಲಿ 37 ಮಚ್ಚೆಗಳು ಅವರಿಗೆ ಹದಿನೈದಾಗುವ ಹೊತ್ತಿಗೆ ಮಾಯವಾಗಿದ್ದವೆಂದು 1966ರಲ್ಲಿ ನೆದರ್ಲೆಂಡ್ಸಿನ ಬಾಕರ್ ಡಿರ್ಕ್ಸ್ ಪ್ರಕಟಿಸಿದಾಗ, ಪ್ರಯೋಗಶಾಲೆಯ ಮಾತು ಮಕ್ಕಳ ಬಾಯಲ್ಲೇ ಸಾಬೀತಾಯಿತು.

ಎಲುಬಿನ ದಾರಿ ಬೇರೆ. ಎನಾಮಲ್ಲಿನಲ್ಲಿ ಜೀವಕೋಶಗಳಿಲ್ಲ, ಎಲುಬಿನಲ್ಲಾದರೋ ಒಂದು ಬಗೆಯ ಕೋಶಗಳು ಹಳೆಯದನ್ನು ಅಗೆದು ತೆಗೆದರೆ, ಇನ್ನೊಂದು ಬಗೆಯವು ಅಲ್ಲಿ ಪ್ರೋಟೀನಿನ ಬಲೆ ನೇಯ್ದು, ಅದರಲ್ಲಿ ಖನಿಜ ತುಂಬಿಕೊಳ್ಳುವಂತೆ ಮಾಡುತ್ತವೆ. ಇದಕ್ಕೆ ಕ್ಯಾಲ್ಸಿಯಂ, ಮೈದುಡಿತ ಮತ್ತು ಬಿಸಿಲಿನಿಂದ ದೊರೆಯುವ ಡಿ ಜೀವಸತ್ವ ಬೇಕಾದ್ದರಿಂದ, ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ಹಗಲೆಲ್ಲ ಮಗ್ಗದ ಮುಂದೆ ಕೂರುವ ನೇಕಾರರಿಗೆ ಹೊರಗಿನ ಬಿಸಿಲೂ ಆಹಾರದಷ್ಟೇ ಮುಖ್ಯ. ಈ ಕಡೆಯ ಊಟದ ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ. ರೊಟ್ಟಿಯ ಜೊತೆಗಿನ ಮೊಸರು, ಸೊಪ್ಪಿನ ಪಲ್ಯ, ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳು ಆ ಕೊರತೆಯನ್ನು ತುಂಬುತ್ತವೆ.

ಫ್ಲೋರೈಡಿನ ಕಥೆ ಈ ಸೀಮೆಗೆ ಇನ್ನೂ ಹತ್ತಿರದ್ದು. ಹಲ್ಲಿನ ಕಂದು ಕಲೆಗಳಿಗೆ ನೀರಿನಲ್ಲಿರುವ ಫ್ಲೋರೈಡೇ ಕಾರಣವೆಂದು 1931ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಅದೇ ಲವಣ ಅಲ್ಪ ಪ್ರಮಾಣದಲ್ಲಿದ್ದರೆ ಖನಿಜ ಮರಳಿ ಕೂಡಲು ನೆರವಾಗುತ್ತದೆಂಬುದು ಆಮೇಲೆ ತಿಳಿಯಿತು. ಭಾರತದ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಮೀರಿರಬಾರದು, ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ನಡೆದೀತು. ಬಾಗಲಕೋಟೆ ಜಿಲ್ಲೆಯ ಕೆಲವೆಡೆ ಅಂತರ್ಜಲ ಆ ಮಿತಿಯನ್ನೂ ಮೀರಿದೆ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಕಲೆಯನ್ನು ಜೊಲ್ಲು ಅಳಿಸಲಾರದು. ವರ್ಷಗಟ್ಟಲೆ ಕುಡಿದರೆ ಎಲುಬು, ಕೀಲುಗಳೂ ಬಿಗಿದುಕೊಳ್ಳಬಹುದು. ಆದ್ದರಿಂದ ಜಮಖಂಡಿ, ಮುಧೋಳ, ಬೀಳಗಿಯ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರನ್ನು ಪರೀಕ್ಷಿಸಿಯೇ ಕುಡಿಯುವುದು ಕ್ಷೇಮ.

ಕಬ್ಬು, ಬೆಲ್ಲದ ಈ ನಾಡಿನಲ್ಲಿ ಸಿಹಿಯನ್ನು ಬಿಡಬೇಕಾಗಿಲ್ಲ. ಊಟದೊಡನೆ ತಿಂದ ಬೆಲ್ಲಕ್ಕಿಂತ ಗಳಿಗೆಗೊಮ್ಮೆ ಗುಟುಕರಿಸುವ ಸಕ್ಕರೆ ಚಹಾ ಹಲ್ಲಿಗೆ ಹೆಚ್ಚು ಕೆಡುಕು, ಏಕೆಂದರೆ ಅದು ಜೊಲ್ಲಿಗೆ ದುರಸ್ತಿಯ ಬಿಡುವನ್ನೇ ಕೊಡುವುದಿಲ್ಲ. ಮಗುವಿನ ತುಟಿ ಎತ್ತಿ ನೋಡಿದಾಗ ವಸಡಿನಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಕರಗುವಿಕೆಯ ಮೊದಲ ಗುರುತಿರಬಹುದು. ಕುಳಿ ಬೀಳುವ ಮುನ್ನ ಎಚ್ಚೆತ್ತರೆ ಆ ಗೆರೆ ಮರಳಿ ಗಟ್ಟಿಯಾಗಬಲ್ಲದು.