ಬೆಳೆ ನಮ್ಮದು, ಮುದ್ರೆ ಯಾರದು?

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನ್ಯಾಯವಾದ ಬೆಲೆಗಾಗಿ ನಮ್ಮ ಹೋರಾಟ ನಡೆಯಲೇಬೇಕು. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ನೀವು ಹಾಕಬೇಕು.

ಕಬ್ಬು ಬೆಳೆದು, ಆಲೆಮನೆಯಲ್ಲಿ ಬೆಲ್ಲ ಕಾಸಿ ಮಂಡಿಗೆ ಹಾಕ್ತೀರಿ. ಅಲ್ಲಿ ನಿಮ್ಮ ಬೆಲ್ಲಕ್ಕೆ ಹೆಸರಿಲ್ಲ, ಬರೀ ತೂಕ. ಅದೇ ಬೆಲ್ಲವನ್ನು ವರ್ತಕ ಪೊಟ್ಟಣ ಕಟ್ಟಿ ತನ್ನ ಮುದ್ರೆ ಒತ್ತುತ್ತಾನೆ. ಪೇಟೆಯ ಗಿರಾಕಿ ಮರುಸಲ ಬಂದು ಕೇಳೋದು ಆ ಮುದ್ರೆಯನ್ನು, ನಿಮ್ಮನ್ನಲ್ಲ. ಗಿರಾಕಿಯ ನಂಬಿಕೆಗೂ ಒಂದು ಬೆಲೆ ಉಂಟು. ಮುದ್ರೆ ಯಾರದೋ ಆ ಬೆಲೆ ಅವರ ಜೇಬಿಗೆ.

ಇದಕ್ಕೆ ಕಾನೂನಿನಲ್ಲಿ ಟ್ರೇಡ್ ಮಾರ್ಕ್ ಅಂತಾರೆ. 1999ರ ಕಾಯಿದೆಯಂತೆ ನೋಂದಾಯಿಸಿದರೆ 10 ವರ್ಷ ನಿಮ್ಮದು. 10 ವರ್ಷಕ್ಕೊಮ್ಮೆ ಶುಲ್ಕ ಕಟ್ಟುತ್ತಾ ಹೋದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುವ ಆಸ್ತಿ. ಮಾರಬಹುದು, ಬೇರೆಯವರಿಗೆ ಬಳಸಲು ಕೊಟ್ಟು ಹಣ ಪಡೆಯಬಹುದು. 2017ರ ನಿಯಮದಂತೆ ಒಬ್ಬ ರೈತ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ವಕೀಲರ ಖರ್ಚು ಬೇರೆ.

ವರ್ಗ ಅಂದರೇನು? ಸರಕು, ಸೇವೆಗಳನ್ನು 45 ವರ್ಗ ಮಾಡಿದ್ದಾರೆ. ನಮ್ಮದೇ ನಂದಿನಿ ಹಾಲಿನ ಮೊಕದ್ದಮೆ ನೋಡಿ. ಹಾಲು ಮಹಾಮಂಡಳ 1985ರಿಂದ ಆ ಹೆಸರು ಬಳಸುತ್ತಿದೆ. 1989ರಿಂದ ಅದೇ ಹೆಸರಿನಲ್ಲಿ ಹೋಟೆಲು ನಡೆಸುತ್ತಿದ್ದವರು ತಮ್ಮ ತಿನಿಸುಗಳಿಗೆ ನೋಂದಣಿ ಕೇಳಿದರು. ಮಹಾಮಂಡಳ ವಿರೋಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಸರಕು ಬೇರೆ, ಗುರುತಿನ ರೂಪವೂ ಬೇರೆ ಎಂದು ಹೋಟೆಲಿನವರ ಪರ ತೀರ್ಪಿತ್ತಿತು. ಹಾಲು ಮತ್ತು ಹಾಲಿನ ಪದಾರ್ಥಕ್ಕೆ ಮಾತ್ರ ಅವರಿಗೆ ಕೊಡಲಿಲ್ಲ. ಹೆಸರು ಹಿಡಿದ ಮಾತ್ರಕ್ಕೆ ಲೋಕವೆಲ್ಲಾ ನಮ್ಮದಾಗೋದಿಲ್ಲ. ಏನು ಮಾರುತ್ತೀರೋ ಅದಕ್ಕೆ ಸರಿಯಾಗಿ ಬೇಲಿ ಹಾಕಿಕೊಳ್ಳಿ.

ಇನ್ನು ಕೆಲವು ಎಚ್ಚರಿಕೆ. "ಶುದ್ಧ ಬೆಲ್ಲ" ಎಂಬಂಥ ಮಾತು ಎಲ್ಲರದೂ. ಅದನ್ನು ಒಬ್ಬರ ಹೆಸರಿಗೆ ಸಾಮಾನ್ಯವಾಗಿ ಬರೆದುಕೊಡೋದಿಲ್ಲ. ಸೀಮೆಯಿಂದಲೇ ಹೆಸರಾದ ಬೆಳೆಗೆ ಭೌಗೋಳಿಕ ಸೂಚಕವೆಂಬ ಬೇರೆ ಕಾನೂನುಂಟು. ಬ್ಯಾಡಗಿ ಮೆಣಸಿನಕಾಯಿಗೆ ಅದು 2011ರಲ್ಲಿ ಸಿಕ್ಕಿತು. ಮಾರಿದ ಬಿಲ್ಲುಗಳನ್ನು ಜೋಪಾನ ಮಾಡಿ. ಮೊದಲು ಬಳಸಿದವರು ನೀವೇ ಅನ್ನೋದಕ್ಕೆ ಅವೇ ಸಾಕ್ಷಿ. ಐದು ವರ್ಷ ಬಳಸದೆ ಬಿಟ್ಟರೆ ಇನ್ನೊಬ್ಬರು ಅರ್ಜಿ ಹಾಕಿ ತೆಗೆಸಬಹುದು. ಎಲ್ಲಕ್ಕಿಂತ ಮುಖ್ಯ, ಅರ್ಜಿ ವರ್ತಕನ ಹೆಸರಲ್ಲಿ ಹೋಗದಂತೆ ನೋಡಿಕೊಳ್ಳಿ.

ಮುದ್ರೆಗಾಗಿ ಸಾಲ ಮಾಡಬೇಡಿ. ಹತ್ತು ಮನೆಯವರು ಸೇರಿ, ಸಂಘದ ಹೆಸರಿನಲ್ಲಿ ಮಾಡಿಸಿ. ಕಲಬೆರಕೆಯ ಒಂದೇ ಪೊಟ್ಟಣ ಹತ್ತೂ ಮನೆಯ ಹೆಸರು ಕೆಡಿಸೀತು. ಆದ್ದರಿಂದ ಮೊದಲು ಮಾಲು ನೇರ್ಪಾಗಿರಲಿ, ಆಮೇಲೆ ಮುದ್ರೆ. ಮುಂದಿನ ಸಭೆಯಲ್ಲಿ ನಿಮ್ಮೂರಿನಲ್ಲೂ ಈ ಮಾತು ಎತ್ತಿ.