ಲಸಿಕೆಯ ಸರದಿಯೂ ನಮ್ಮ ನೆರವು ನಿಧಿಯೂ

(ಸಂಘದ ವೈದ್ಯಕೀಯ ನೆರವು ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ನಾನು ವೈದ್ಯನಲ್ಲ. ಬಿ.ಕಾಂ. ಮಾಡಿ, ನಿವೃತ್ತಿಯಾಗುವವರೆಗೂ ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದವನು. ಲಸಿಕೆ ದೇಹದೊಳಗೆ ಏನು ಮಾಡುತ್ತದೆ ಎಂದು ನನ್ನನ್ನು ಕೇಳಬೇಡಿ, ಅದಕ್ಕೆ ಮುಂದಿನ ಸಾಲಿನಲ್ಲಿ ಡಾಕ್ಟರು ಕೂತಿದ್ದಾರೆ. ಯಾರ ದುಡ್ಡಿನಲ್ಲಿ, ಯಾವಾಗ, ಯಾವ ಸರದಿಯಲ್ಲಿ ಬಂತು ಎಂಬ ಲೆಕ್ಕದ ಮಾತಷ್ಟೇ ನನ್ನದು. 2021ರ ಮಾತು ಈಗೇಕೆ ಎಂದರೆ, ನಮ್ಮ ನೆರವು ಸಮಿತಿಯ ಮೇಜಿನ ಮೇಲೆ ಪ್ರತಿ ತಿಂಗಳೂ ಅದೇ ಪ್ರಶ್ನೆ ಬಂದು ಕೂರುತ್ತದೆ: ಇರುವುದು ಕಡಿಮೆ, ಬೇಕಾದವರು ಹೆಚ್ಚು, ಮೊದಲು ಯಾರಿಗೆ?

ಆ ವರ್ಷ ಜನವರಿ 16ರಂದು ಲಸಿಕೆ ಶುರುವಾಯಿತು. ಮೊದಲು ಡಾಕ್ಟರು, ದಾದಿಯರು. ಫೆಬ್ರವರಿಯಲ್ಲಿ ಪೊಲೀಸರು, ಪೌರಕಾರ್ಮಿಕರು. ಮಾರ್ಚ್ 1ರಿಂದ 60 ದಾಟಿದವರಿಗೆ, 45 ದಾಟಿ ಬೇರೆ ಕಾಯಿಲೆ ಇದ್ದವರಿಗೆ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೆ. ಸರಕಾರಿ ಕೇಂದ್ರದಲ್ಲಿ ಪುಕ್ಕಟೆ, ಖಾಸಗಿಯಲ್ಲಿ ಡೋಸಿಗೆ ಹೆಚ್ಚೆಂದರೆ 250 ರೂಪಾಯಿ. ನಾನು ಮಾರ್ಚ್‌ನಲ್ಲಿ ಕಾರ್ಪೊರೇಷನ್ ಕೇಂದ್ರಕ್ಕೆ ಹೋದಾಗ ಅರ್ಧ ಕುರ್ಚಿಗಳು ಖಾಲಿ. ಜನಕ್ಕೆ ಹೆದರಿಕೆ. ಏಪ್ರಿಲ್ 15ರಂದು ನಟ ವಿವೇಕ್ ಇದೇ ಊರಿನಲ್ಲಿ ಲಸಿಕೆ ಹಾಕಿಸಿಕೊಂಡು, ಎಲ್ಲರೂ ಹಾಕಿಸಿಕೊಳ್ಳಿ ಎಂದರು. 17ರಂದು ಹೃದಯಾಘಾತದಿಂದ ತೀರಿಕೊಂಡರು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ಮುಂದೆ ತಜ್ಞರ ಸಮಿತಿ ಹೇಳಿತು, ಆದರೆ ಆ ವಾರ ನಮ್ಮ ಬೀದಿಯಲ್ಲಿ ಕೇಂದ್ರಕ್ಕೆ ಹೊರಟಿದ್ದವರು ಚಪ್ಪಲಿ ಬಿಚ್ಚಿ ಒಳಗೆ ಹೋದರು. ಮೇ ತಿಂಗಳಲ್ಲಿ ಅದೇ ಜನ ಬೆಳಗಿನ ಐದಕ್ಕೆ ಸಾಲು ನಿಂತರು. ಆಗ ಲಸಿಕೆ ಇರಲಿಲ್ಲ.

ಏಪ್ರಿಲ್ ಮೊದಲ ವಾರ, ಎಲ್ಲ ವಯಸ್ಕರಿಗೂ ಕೊಡಿ ಎಂಬ ಒತ್ತಾಯ ಜೋರಾದಾಗ, ಕೇಂದ್ರದ ಆರೋಗ್ಯ ಕಾರ್ಯದರ್ಶಿ ರಾಜೇಶ್ ಭೂಷಣ್ ಒಂದು ಮಾತು ಹೇಳಿದ್ದರು. ಲಸಿಕೆ ಬೇಕು ಅನ್ನುವವರಿಗಲ್ಲ, ಅಗತ್ಯ ಇರುವವರಿಗೆ ಎಂಬ ಅರ್ಥದ ಮಾತು. ಬಹಳ ಜನ ಬೈದರು. ನನಗದು ಸರಿಯಾದ ಮಾತು ಎನಿಸಿತು, ಇಂದಿಗೂ ಎನಿಸುತ್ತದೆ. ನಮ್ಮ ಬ್ಯಾಂಕುಗಳಲ್ಲಿ ಆದ್ಯತಾ ವಲಯ ಎಂದು ಒಂದಿದೆ. ಕೊಡುವ ಸಾಲದಲ್ಲಿ ನೂರಕ್ಕೆ ನಲವತ್ತು ಪಾಲು ರೈತರು, ಸಣ್ಣ ಉದ್ಯಮ, ಬಡವರ ಮನೆ ಇಂಥವಕ್ಕೆ ಹೋಗಬೇಕು. ಆ ನಿಯಮ ಇಲ್ಲದಿದ್ದರೆ ಮ್ಯಾನೇಜರ ಕೋಣೆಗೆ ಯಾರು ಮೊದಲು ಬರುತ್ತಾರೋ, ಯಾರ ಕಾರು ದೊಡ್ಡದೋ, ಅವರಿಗೇ ಸಾಲ.

ಆ ಮಾತು ಎರಡು ವಾರವೂ ನಿಲ್ಲಲಿಲ್ಲ. ಏಪ್ರಿಲ್ 19ರಂದು ಹೊಸ ನೀತಿ ಬಂತು: ಮೇ 1ರಿಂದ 18 ದಾಟಿದ ಎಲ್ಲರಿಗೂ. ತಯಾರಾದದ್ದರಲ್ಲಿ ಅರ್ಧ ಕೇಂದ್ರಕ್ಕೆ, ಉಳಿದರ್ಧ ರಾಜ್ಯಗಳಿಗೆ ಮತ್ತು ಖಾಸಗಿ ಆಸ್ಪತ್ರೆಗಳಿಗೆ. ಒಂದೇ ಕಾರ್ಖಾನೆಯ ಒಂದೇ ಸೀಸೆಗೆ ಮೂರು ದರ. ಕೋವಿಶೀಲ್ಡ್ ಡೋಸು ಕೇಂದ್ರಕ್ಕೆ 150 ರೂಪಾಯಿ, ರಾಜ್ಯಕ್ಕೆ ಮೊದಲು 400 ಎಂದು ಆಮೇಲೆ 300, ಖಾಸಗಿಗೆ 600. ಕೋವ್ಯಾಕ್ಸಿನ್ ಖಾಸಗಿಗೆ 1,200. ನನ್ನ ಸರ್ವಿಸಿನಲ್ಲಿ ಇಂಥ ಕಡತ ಬಂದಿದ್ದರೆ ಎರಡು ಪ್ರಶ್ನೆ ಬರೆದು ಹಿಂದಕ್ಕೆ ಕಳಿಸುತ್ತಿದ್ದೆ. ಹೆಚ್ಚು ಬೆಲೆ ಕೊಡುವವನು ಎದುರಿಗಿದ್ದಾಗ ಕಂಪನಿ ಕಡಿಮೆ ಬೆಲೆಯವನಿಗೆ ಮೊದಲು ಯಾಕೆ ಕೊಡುತ್ತದೆ? ಮೂವತ್ತು ರಾಜ್ಯಗಳು ಒಂದೇ ಅಂಗಡಿಯ ಮುಂದೆ ಪೈಪೋಟಿಗೆ ನಿಂತರೆ ದರ ಇಳಿಯುವುದು ಹೇಗೆ?

ಆದದ್ದೂ ಹಾಗೆಯೇ. ತಮಿಳುನಾಡು ಮೇ ತಿಂಗಳಲ್ಲಿ 3.5 ಕೋಟಿ ಡೋಸಿಗೆ ಜಾಗತಿಕ ಟೆಂಡರ್ ಕರೆಯಿತು. ಒಬ್ಬರೂ ಬರಲಿಲ್ಲ. ನಮ್ಮ ಕರ್ನಾಟಕ 2 ಕೋಟಿಗೆ ಕರೆಯಿತು, ಅದರಿಂದಲೂ ಲಸಿಕೆ ಸಿಗಲಿಲ್ಲ. ನಾವು ಕೇಂದ್ರ ಸರಕಾರದ ಜೊತೆ ಮಾತ್ರ ವ್ಯವಹರಿಸುತ್ತೇವೆ ಎಂದು ಮೊಡೆರ್ನಾ ಕಂಪನಿ ಪಂಜಾಬಿಗೆ ಹೇಳಿ ಕಳಿಸಿತು.

ಈ ಕಡೆ 18ರಿಂದ 44ರವರಿಗೆ ಕೋವಿನ್‌ನಲ್ಲಿ ಮೊದಲೇ ಬುಕ್ ಮಾಡಬೇಕು. ಕೋವಿನ್ ಆಗ ಇಂಗ್ಲಿಷಿನಲ್ಲಿ, ಕನ್ನಡ ಸೇರಿದ್ದು ಜೂನ್‌ನಲ್ಲಿ. ಕುಂದಾಪುರ ಕಡೆಯಿಂದ ಬಂದು ಇಲ್ಲಿಯ ಹೋಟೆಲು, ಮೆಸ್ಸುಗಳಲ್ಲಿ ಅಡುಗೆ ಮಾಡುವ ಹುಡುಗರು ನಿಮಗೆ ಗೊತ್ತು. ಪಾರ್ಸೆಲ್ ನಡೆಯುತ್ತಿದ್ದುದರಿಂದ ಅವರು ದಿನವೂ ಒಲೆಯ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಸ್ಲಾಟ್ ತೆರೆದು ಮುಚ್ಚುವಷ್ಟರಲ್ಲಿ ಅವರಿಗೆ ಕೈ ತೊಳೆಯಲೂ ಆಗುತ್ತಿರಲಿಲ್ಲ. ನಮ್ಮ ಸಂಘದ ಮಕ್ಕಳು ರಾತ್ರಿ ಫೋನ್ ಹಿಡಿದು ಕೂತು ಅವರಿಗಾಗಿ ಬುಕ್ ಮಾಡಿದರು. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಅಷ್ಟರಲ್ಲಿ ಆಗಿಹೋಗಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಕ್ಕಿದ್ದನ್ನು ಯಾರು ಬಿಡುತ್ತಾರೆ? ಸರದಿ ಅಗತ್ಯದ ಪ್ರಕಾರ ನಡೆಯದೆ ಜೇಬು ಮತ್ತು ಫೋನಿನ ಪ್ರಕಾರ ನಡೆಯಿತು, ನನ್ನ ತಕರಾರು ಅಷ್ಟೇ. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟು ಈ ವಯಸ್ಸಿನವರು ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕೆಂಬ ನೀತಿ ಮೇಲ್ನೋಟಕ್ಕೇ ಸ್ವೇಚ್ಛೆಯದು, ತರ್ಕಕ್ಕೆ ನಿಲ್ಲದ್ದು ಎಂದಿತು. ಬಜೆಟ್ಟಿನಲ್ಲಿ ಇಟ್ಟ 35,000 ಕೋಟಿಯ ಲೆಕ್ಕವನ್ನೂ ಕೇಳಿತು. ಜೂನ್ 7ರಂದು ಪ್ರಧಾನಿಯವರು ನೀತಿ ಬದಲಿಸಿದರು. 21ರಿಂದ ನೂರಕ್ಕೆ 75 ಪಾಲು ಕೇಂದ್ರವೇ ಕೊಂಡು ರಾಜ್ಯಗಳಿಗೆ ಪುಕ್ಕಟೆ ಕೊಟ್ಟಿತು.

ಹೊರದೇಶಕ್ಕೆ ಕಳಿಸಿದ್ದರಿಂದಲೇ ಇಲ್ಲಿ ಸಾಲಲಿಲ್ಲ ಎಂದು ವಾಟ್ಸಾಪಿನಲ್ಲಿ ನೀವೂ ಓದಿರುತ್ತೀರಿ. ದಾನ, ಮಾರಾಟ ಎಲ್ಲ ಸೇರಿ ಹೋದದ್ದು ಸುಮಾರು 6.6 ಕೋಟಿ ಡೋಸು. ನಮ್ಮಲ್ಲಿ 18 ದಾಟಿದವರು ಸುಮಾರು 94 ಕೋಟಿ, ತಲೆಗೆ ಎರಡರಂತೆ 188 ಕೋಟಿ ಡೋಸು ಬೇಕು. ಭಾಗಿಸಿ ನೋಡಿ. ಕೊರತೆಯ ಮೂಲ ಅಲ್ಲಿಲ್ಲ, ಮುಂಗಡದಲ್ಲಿದೆ. ಬ್ರಿಟನ್ 2020ರ ಮೇ ತಿಂಗಳಲ್ಲೇ, ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲದಾಗಲೇ, ಆಕ್ಸ್‌ಫರ್ಡ್‌ನವರ 10 ಕೋಟಿ ಡೋಸಿಗೆ ಒಪ್ಪಂದ ಮಾಡಿಕೊಂಡಿತು. ಅದೇ ಲಸಿಕೆಗೆ ನಮ್ಮ ಮೊದಲ ಆರ್ಡರು 2021ರ ಜನವರಿ 11ರಂದು, 1.1 ಕೋಟಿ ಡೋಸಿಗೆ. ಹಾಕುವುದಕ್ಕೆ ಐದೇ ದಿನ ಮೊದಲು. ಅಷ್ಟಾದರೂ ಸಿಕ್ಕಿದ್ದು ಪುಣೆಯ ಕಂಪನಿ ತನ್ನ ರಿಸ್ಕಿನಲ್ಲಿ ಮಾಡಿಟ್ಟಿದ್ದರಿಂದ. ಮುಂದಿನ 11 ಕೋಟಿ ಡೋಸಿಗೆ 1,732.50 ಕೋಟಿ ರೂಪಾಯಿ ಮುಂಗಡ ಹೋದದ್ದು ಏಪ್ರಿಲ್ 28ರಂದು, ಸ್ಮಶಾನಗಳಲ್ಲಿ ಜಾಗ ಇಲ್ಲದಾಗ.

ನಮ್ಮ ಊರಿನ ಕಥೆ ಇನ್ನೂ ಬೇಜಾರಿನದು. ಗಿಂಡಿಯ ಬಿಸಿಜಿ ಪ್ರಯೋಗಾಲಯ 1948ರದು. ಇಲ್ಲಿ ಕೂತಿರುವ ಎಷ್ಟೋ ಜನರ ತೋಳಿನ ಕಲೆ ಅಲ್ಲಿಯದೇ. 2008ರ ಜನವರಿಯಲ್ಲಿ ಅದರ, ಕೂನೂರಿನ ಪಾಸ್ಚರ್ ಸಂಸ್ಥೆಯ ಮತ್ತು ಕಸೌಲಿಯ ಕೇಂದ್ರದ ತಯಾರಿಕಾ ಪರವಾನಗಿಯನ್ನು ಗುಣಮಟ್ಟದ ಕಾರಣಕ್ಕೆ ಅಮಾನತು ಮಾಡಿದರು. ವಾಪಸು ಸಿಕ್ಕಿದ್ದು 2010ರಲ್ಲಿ. ಚೆಂಗಲ್ಪಟ್ಟಿನಲ್ಲಿ ಎಚ್‌ಎಲ್‌ಎಲ್ ಬಯೋಟೆಕ್‌ನ ದೊಡ್ಡ ಲಸಿಕಾ ಸಂಕೀರ್ಣಕ್ಕೆ 2012ರಲ್ಲಿ 594 ಕೋಟಿಯ ಮಂಜೂರಾತಿ ಸಿಕ್ಕಿತು. 2021ರ ಮೇ 25ರಂದು ಮುಖ್ಯಮಂತ್ರಿ ಸ್ಟಾಲಿನ್ ಹೋಗಿ ನೋಡಿದಾಗ ಕಟ್ಟಡ ಇತ್ತು, ಯಂತ್ರ ಇತ್ತು, ಲಸಿಕೆ ಇರಲಿಲ್ಲ. ರಾಜ್ಯಕ್ಕೆ ಗುತ್ತಿಗೆಗೆ ಕೊಡಿ, ನಾವು ನಡೆಸುತ್ತೇವೆ ಎಂದು ಮರುದಿನವೇ ಪ್ರಧಾನಿಗೆ ಬರೆದರು. ಆ ಬೇಸಿಗೆಯಲ್ಲಿ ಅಲ್ಲಿಂದ ಒಂದು ಸೀಸೆಯೂ ಹೊರಬರಲಿಲ್ಲ. ಕಟ್ಟಡ ಕಟ್ಟುವುದಕ್ಕೆ ದುಡ್ಡು ಸಿಕ್ಕುತ್ತದೆ, ಕಲ್ಲಿನ ಮೇಲೆ ಹೆಸರು ಬರುತ್ತದೆ. ನಡೆಸುವುದಕ್ಕೆ ವರ್ಷವರ್ಷ ದುಡ್ಡು ಹಾಕುವವರಿಲ್ಲ.

ಈಗ ನಮ್ಮ ಸಮಿತಿಗೆ ಬರುತ್ತೇನೆ. ಕೋವಿಡ್ ಲಸಿಕೆಗೆ ಯಾವ ಊರಿನ ಆಧಾರ್ ಆದರೂ ನಡೆಯಿತು. ಮಿಕ್ಕ ಚಿಕಿತ್ಸೆಗೆ ಹಾಗಲ್ಲ. ಇಲ್ಲಿಯ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆಗೆ ಸಾಮಾನ್ಯವಾಗಿ ತಮಿಳುನಾಡಿನ ಪಡಿತರ ಚೀಟಿ ಬೇಕು. ನಾನು ಹೇಳಿದ ಆ ಅಡುಗೆಯವರಲ್ಲಿ ಹಲವರ ಚೀಟಿ ಇನ್ನೂ ಊರಿನಲ್ಲೇ ಇದೆ. ನಮಗೆ ಬರುವ ಅರ್ಜಿಗಳು ಹೆಚ್ಚಿನವು ಈ ಸಂದಿನಲ್ಲಿ ಸಿಕ್ಕಿಕೊಂಡವರದು. ಕಳೆದ ಸಭೆಯಲ್ಲಿ ಮೂರು ಕಡತ ಉಳಿದಿದ್ದವು: ಒಬ್ಬ ಅಡುಗೆಯವರ ಹೆಂಡತಿಯ ಡಯಾಲಿಸಿಸ್, ಒಂದು ಮಗುವಿನ ಹೃದಯದ ಆಪರೇಷನ್, ಒಬ್ಬ ಅಜ್ಜಿಯ ಎರಡೂ ಕಣ್ಣಿನ ಪೊರೆ. ಕೈಯಲ್ಲಿದ್ದ ಹಣ ಒಂದಕ್ಕೂ ಪೂರ್ತಿ ಸಾಲುತ್ತಿರಲಿಲ್ಲ. ಎರಡು ಗಂಟೆ ಚರ್ಚೆ ಮಾಡಿ ಮಗುವಿಗೆ ಕೊಟ್ಟೆವು. ಡಯಾಲಿಸಿಸ್‌ನವರಿಗೆ ಒಂದು ತಿಂಗಳ ಮಟ್ಟಿಗೆ ಸದಸ್ಯರೊಬ್ಬರು ಜೇಬಿನಿಂದ ಕೊಟ್ಟರು. ಅಜ್ಜಿಗೆ ಕಾಯಿರಿ ಎಂದು ಪತ್ರ ಬರೆದವನು ನಾನೇ.

ಆದ್ದರಿಂದ ಎರಡು ಸಲಹೆ. ಒಂದು, ಯಾರಿಗೆ ಮೊದಲು ಎಂಬ ನಿಯಮವನ್ನು ಅರ್ಜಿ ಬರುವ ಮೊದಲೇ ಬರೆದು ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸೋಣ. ಪ್ರಾಣಾಪಾಯ ಮೊದಲು, ಬೇರೆ ಯೋಜನೆ ಸಿಗದವರು ಆಮೇಲೆ, ಹೀಗೆ. ಯಾರ ಪರಿಚಯದವರು ಎಂಬ ಕಾಲಂ ಅದರಲ್ಲಿ ಇರಬಾರದು. ನಮ್ಮ ಅರ್ಜಿಯಲ್ಲಿ ಈಗ ಇದೆ.

ಎರಡನೆಯದು ದುಡ್ಡಿನ ಮಾತು. ಮಗುವಿನ ಫೋಟೋ ಅಚ್ಚಾದ ತಿಂಗಳು ನೀವು ಧಾರಾಳವಾಗಿ ಕೊಡುತ್ತೀರಿ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಆಸ್ಪತ್ರೆಯವರು ಫೋಟೋಗೆ ಕಾಯುವುದಿಲ್ಲ, ಅಡ್ಮಿಷನ್ ದಿನವೇ ಡಿಪಾಸಿಟ್ ಕೇಳುತ್ತಾರೆ. ತಿಂಗಳಿಗೆ 200 ರೂಪಾಯಿಯಾದರೂ ಪರವಾಗಿಲ್ಲ, ನಿಮ್ಮ ಬ್ಯಾಂಕಿಗೆ ಒಂದು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಆ ಹಣವನ್ನು ಬೇರೆ ಖಾತೆಯಲ್ಲಿ ಇಟ್ಟು, ಮೂರು ತಿಂಗಳಿಗೊಮ್ಮೆ ಬಂದದ್ದು, ಹೋದದ್ದು, ಕಾಯುತ್ತಿರುವ ಅರ್ಜಿಗಳ ಸಂಖ್ಯೆ, ಮೂರನ್ನೂ ಇಲ್ಲೇ ಪ್ರಕಟಿಸುತ್ತೇವೆ. ಲೆಕ್ಕ ನಾನು ಬರೆಯುತ್ತೇನೆ, ಪರಿಶೀಲನೆ ಬೇರೆಯವರು ಮಾಡಲಿ.

ಫಾರಂಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಖಾತೆ ನಂಬರು ನೆನಪಿಲ್ಲದವರು ಹೆಸರು, ಫೋನ್ ನಂಬರು ಬರೆದು ಕೊಡಿ, ಸೋಮವಾರದಿಂದ ನಾನೇ ಫೋನ್ ಮಾಡುತ್ತೇನೆ. ಅಜ್ಜಿಯ ಕಡತ ಬರುವ ಸಭೆಗೆ ಮತ್ತೆ ಬರುತ್ತದೆ.