ಕಡಿಮೆ ತಾಪಮಾನದ ಎಲೆಕ್ಟ್ರಾನ್ ಸ್ಪಿನ್ ಅನುರಣನ: ಉಪಕರಣ ವಿನ್ಯಾಸದ ಮೂಲ ಪ್ರಶ್ನೆಗಳು

ಜೋಡಿಯಿಲ್ಲದ ಎಲೆಕ್ಟ್ರಾನುಗಳಿರುವ ವಸ್ತುವನ್ನು ಕಾಂತಕ್ಷೇತ್ರದಲ್ಲಿಟ್ಟಾಗ ಅವುಗಳ ಸ್ಪಿನ್‌ಗಳು ಎರಡು ಶಕ್ತಿಮಟ್ಟಗಳಲ್ಲಿ ಹಂಚಿಕೊಳ್ಳುತ್ತವೆ. ಆ ಮಟ್ಟಗಳ ಅಂತರಕ್ಕೆ ಸರಿಹೊಂದುವ ವಿದ್ಯುತ್ಕಾಂತ ತರಂಗ ಬಿದ್ದರೆ ಕೆಳಗಿನ ಮಟ್ಟದ ಎಲೆಕ್ಟ್ರಾನು ಶಕ್ತಿ ಹೀರಿ ಮೇಲೇರುತ್ತದೆ. 1944ರಲ್ಲಿ ಕಜಾನ್‌ನಲ್ಲಿ ಯೆವ್ಗೆನಿ ಜವೊಯ್ಸ್ಕಿ ಪತ್ತೆಹಚ್ಚಿದ್ದು ಈ ಹೀರಿಕೆಯನ್ನು. ಮುಕ್ತ ಎಲೆಕ್ಟ್ರಾನಿಗೆ ಒಂದು ಟೆಸ್ಲಾಕ್ಕೆ ಸುಮಾರು 28 ಗಿಗಾಹರ್ಟ್ಸ್ ಎಂಬುದು ಲೆಕ್ಕ. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಕ್ಸ್ ಬ್ಯಾಂಡಿನ 9.5 ಗಿಗಾಹರ್ಟ್ಸ್‌ಗೆ 0.34 ಟೆಸ್ಲಾ ಸಾಕು. ಸಾಧಾರಣ ವಿದ್ಯುತ್ಕಾಂತದಿಂದಲೇ ಅದು ಸಿಗುತ್ತದೆ.

ತಂಪುಮಾಡುವ ಆಸೆ ಹುಟ್ಟುವುದು ಎರಡು ಮಟ್ಟಗಳ ಜನಸಂಖ್ಯೆಯ ವ್ಯತ್ಯಾಸದಿಂದ. 9.5 ಗಿಗಾಹರ್ಟ್ಸ್‌ನ ಶಕ್ತಿಯನ್ನು ತಾಪಮಾನವಾಗಿ ಬರೆದರೆ ಅದು 0.46 ಕೆಲ್ವಿನ್ ಮಾತ್ರ. ಹಾಗಾಗಿ ಕೋಣೆಯ ತಾಪಮಾನದಲ್ಲಿ ಹತ್ತು ಸಾವಿರ ಸ್ಪಿನ್‌ಗಳಿದ್ದರೆ ಕೆಳಮಟ್ಟದಲ್ಲಿ ಹೆಚ್ಚಿಗೆ ಇರುವುದು ಸುಮಾರು ಎಂಟು. ದ್ರವ ಹೀಲಿಯಂನ 4.2 ಕೆಲ್ವಿನ್‌ಗೆ ಇಳಿದರೆ ಈ ಎಂಟು ಐನೂರನ್ನು ದಾಟುತ್ತದೆ. 20 ಮಿಲಿಕೆಲ್ವಿನ್‌ನಲ್ಲಂತೂ ಹೆಚ್ಚುಕಡಿಮೆ ಎಲ್ಲ ಸ್ಪಿನ್‌ಗಳೂ ಕೆಳಗೇ ಇರುತ್ತವೆ. ಇದು ಕ್ಯೂರಿ ನಿಯಮ ಕೊಡುವ ಲಾಭ.

ಆದರೆ ಈ ಲಾಭ ಪೂರ್ತಿಯಾಗಿ ಕೈಗೆ ಬರುವುದು ಅಪರೂಪ. ತಂಪಾದಂತೆ ಸ್ಪಿನ್‌ಗಳು ಹೀರಿದ ಶಕ್ತಿಯನ್ನು ಸ್ಫಟಿಕಜಾಲಕ್ಕೆ ಬಿಟ್ಟುಕೊಡಲು ಹಿಡಿಯುವ ಸಮಯ ಬೆಳೆಯುತ್ತ ಹೋಗುತ್ತದೆ. ಕೆಲವು ಅಯಾನುಗಳಲ್ಲಿ ಎರಡು ಫೋನಾನುಗಳ ಪ್ರಕ್ರಿಯೆಯ ವೇಗ ತಾಪಮಾನದ ಒಂಬತ್ತನೇ ಘಾತದಂತೆ ಬದಲಾಗುವುದರಿಂದ, ಕೆಲವೇ ಕೆಲ್ವಿನ್ ಇಳಿದರೂ ಈ ವಿಶ್ರಾಂತಿಕಾಲ ಅನೇಕ ಪಟ್ಟು ಹಿಗ್ಗುತ್ತದೆ. ಸಿಲಿಕಾನ್‌ನಲ್ಲಿ ಬೆರೆಸಿದ ರಂಜಕದ ಎಲೆಕ್ಟ್ರಾನುಗಳಿಗೆ 1.2 ಕೆಲ್ವಿನ್ ಆಸುಪಾಸಿನಲ್ಲಿ ಅದು ಗಂಟೆಗಳ ಲೆಕ್ಕಕ್ಕೆ ಹೋಗುತ್ತದೆ. ಅಂಥ ಮಾದರಿಗೆ ಮಿಲಿವ್ಯಾಟ್ ಸೂಕ್ಷ್ಮತರಂಗ ಕೊಟ್ಟರೆ ಎರಡೂ ಮಟ್ಟಗಳು ಸಮವಾಗಿ ಸಂಕೇತ ಅಳಿಸಿಹೋಗುತ್ತದೆ; ಇದೇ ಸ್ಯಾಚುರೇಷನ್. ಆಗ ಶಕ್ತಿಯನ್ನು ಮೈಕ್ರೋವ್ಯಾಟ್‌ಗೂ ಕೆಳಗೆ ಇಳಿಸಬೇಕಾಗುತ್ತದೆ, ಅಷ್ಟು ಕ್ಷೀಣ ಶಕ್ತಿಯಲ್ಲಿ ಸ್ಫಟಿಕ ಪತ್ತೆಕಾರಕದ ಗದ್ದಲವೇ ಮೇಲುಗೈ ಪಡೆಯುತ್ತದೆ. ಬೆಲ್ ಪ್ರಯೋಗಾಲಯದಲ್ಲಿ ಜಾರ್ಜ್ ಫೆಹರ್ 1957ರಲ್ಲಿ ಪ್ರಕಟಿಸಿದ ಸಂವೇದನಾಶೀಲತೆಯ ವಿಶ್ಲೇಷಣೆ ಇಂದಿಗೂ ಹಳತಾಗದಿರುವುದು, ಅದು ಈ ತೂಗಾಟವನ್ನು ಲೆಕ್ಕಕ್ಕೆ ತಂದದ್ದರಿಂದ. ವಿನ್ಯಾಸ ಆರಂಭವಾಗಬೇಕಾದದ್ದು ಮಾದರಿಯ ವಿಶ್ರಾಂತಿಕಾಲದಿಂದ, ಕ್ರಯೋಸ್ಟಾಟ್‌ನ ಬೆಲೆಪಟ್ಟಿಯಿಂದಲ್ಲ.

ತಂಪುಮಾಡುವ ದಾರಿಗಳು ಮುಖ್ಯವಾಗಿ ಎರಡು. ಮಾದರಿಯನ್ನಿಡುವ ಸೂಕ್ಷ್ಮತರಂಗ ಅನುರಣಕವಾದ ಕ್ಯಾವಿಟಿಯನ್ನು ಕೋಣೆಯ ತಾಪಮಾನದಲ್ಲೇ ಬಿಟ್ಟು, ಅದರೊಳಗೆ ಹಾದುಹೋಗುವ ನಿರ್ವಾತ ಗೋಡೆಯ ಕ್ವಾರ್ಟ್ಸ್ ಕೊಳವೆಯಲ್ಲಿ ತಣ್ಣನೆಯ ಹೀಲಿಯಂ ಅನಿಲ ಹರಿಸಿ ಮಾದರಿಯನ್ನಷ್ಟೇ ತಂಪುಮಾಡುವುದು ಒಂದು. ಮಾದರಿ ಬದಲಾಯಿಸುವುದು ಇಲ್ಲಿ ಸುಲಭ, 4 ಕೆಲ್ವಿನ್ ಹತ್ತಿರದವರೆಗೂ ಇಳಿಯಬಹುದು. 4.2ರಿಂದ 300 ಕೆಲ್ವಿನ್‌ವರೆಗೆ ಬಿಸಿಯಾಗುವಾಗ ಹೀಲಿಯಂ ಅನಿಲ ಹೀರುವ ಉಷ್ಣ ಅದರ ಗುಪ್ತೋಷ್ಣದ ಎಪ್ಪತ್ತು ಪಟ್ಟಿಗೂ ಹೆಚ್ಚು. ಹರಿವಿನ ಕ್ರಯೋಸ್ಟಾಟ್‌ಗಳು ಕೆಲಸಮಾಡುವುದೇ ಈ ಸಂಪತ್ತಿನ ಮೇಲೆ. ಇನ್ನೊಂದು ದಾರಿಯಲ್ಲಿ ಕ್ಯಾವಿಟಿಯೇ ಹೀಲಿಯಂ ಪಾತ್ರೆಯೊಳಗೆ ಇಳಿಯುತ್ತದೆ. 2 ಕೆಲ್ವಿನ್‌ಗಿಂತ ಕೆಳಗೆ ಹೋಗಬೇಕಾದರೆ ಸಾಮಾನ್ಯವಾಗಿ ಇದೇ ಗತಿ, ಕಷ್ಟಗಳು ಶುರುವಾಗುವುದೂ ಇಲ್ಲೇ.

ಮೊದಲ ಕಷ್ಟ ಕ್ಯಾವಿಟಿಯ ಗೋಡೆ. ಸಂಕೇತವನ್ನು ಗದ್ದಲದಿಂದ ಬೇರ್ಪಡಿಸಲು ಕಾಂತಕ್ಷೇತ್ರವನ್ನು ವಾಡಿಕೆಯಂತೆ 100 ಕಿಲೋಹರ್ಟ್ಸ್‌ನಲ್ಲಿ ಮಾಡ್ಯುಲೇಟ್ ಮಾಡುತ್ತಾರೆ. ಆ ಕ್ಷೇತ್ರ ಗೋಡೆಯನ್ನು ದಾಟಿ ಒಳಗಿನ ಮಾದರಿಯನ್ನು ಮುಟ್ಟಬೇಕು. ಕೋಣೆಯ ತಾಪಮಾನದ ತಾಮ್ರದೊಳಕ್ಕೆ ಅದು ಇಳಿಯುವ ಆಳ 0.2 ಮಿಲಿಮೀಟರ್. ತಾಮ್ರ ತಂಪಾದಾಗ ರೋಧಶೀಲತೆ ಐವತ್ತು ಪಟ್ಟು ಕುಸಿದರೆ ಆಳವೂ ಏಳರಲ್ಲೊಂದಾಗಿ 0.03 ಮಿಲಿಮೀಟರಿಗೆ ಇಳಿಯುತ್ತದೆ. ಮಾದರಿಗೆ ತಲುಪಬೇಕಾದ ಕ್ಷೇತ್ರ ಗೋಡೆಯಲ್ಲೇ ಸುಳಿಪ್ರವಾಹವಾಗಿ ಹೀಲಿಯಂ ಕುದಿಸುತ್ತದೆ. ಒಂದು ವ್ಯಾಟ್ ಸೋರಿದರೂ ಗಂಟೆಗೆ 1.4 ಲೀಟರ್ ಆವಿಯಾಗುತ್ತದೆ. ಜೊತೆಗೆ ಸುಳಿಪ್ರವಾಹವೂ ಸ್ಥಿರ ಕ್ಷೇತ್ರವೂ ಸೇರಿ ಗೋಡೆಯನ್ನು ನಡುಗಿಸುವುದರಿಂದ ಸುಳ್ಳು ಸಂಕೇತವೂ ಹುಟ್ಟುತ್ತದೆ. ಕ್ವಾರ್ಟ್ಸ್ ಅಥವಾ ಎಪಾಕ್ಸಿಯ ಮೇಲೆ ಬೆಳ್ಳಿಯ ತೆಳುಪೊರೆ ಹಚ್ಚುವುದು, ತಾಪಮಾನದೊಂದಿಗೆ ರೋಧಶೀಲತೆ ಅಷ್ಟಾಗಿ ಬದಲಾಗದ ಹಿತ್ತಾಳೆಯನ್ನು ಬಳಸುವುದು, ಗೋಡೆಗೆ ಸೀಳು ಕೊಡುವುದು, ಇವೆಲ್ಲ ಪರೀಕ್ಷೆಗೆ ನಿಂತ ಪರಿಹಾರಗಳು. ಮಾಡ್ಯುಲೇಷನ್ ಆವೃತ್ತಿಯನ್ನೇ ಕೆಲವು ನೂರು ಹರ್ಟ್ಸ್‌ಗೆ ಇಳಿಸುವುದು ಎಲ್ಲಕ್ಕಿಂತ ಸರಳ. ಆಗ ಪತ್ತೆಕಾರಕದ ಕಡಿಮೆ ಆವೃತ್ತಿಯ ಗದ್ದಲ ಎದುರಾಗುತ್ತದೆ, ಅದನ್ನು ತಪ್ಪಿಸಲು ಸೂಪರ್‌ಹೆಟಿರೊಡೈನ್ ವ್ಯವಸ್ಥೆ ಬೇಕಾಗುತ್ತದೆ. ವಿಶ್ರಾಂತಿಕಾಲ ದೀರ್ಘವಾಗಿರುವ ಮಾದರಿಗೆ ನಿಧಾನ ಮಾಡ್ಯುಲೇಷನ್ನೇ ಒಗ್ಗುತ್ತದೆ ಎಂಬುದು ಇಲ್ಲಿ ಸಿಗುವ ಅನಿರೀಕ್ಷಿತ ಸಮಾಧಾನ.

ಎರಡನೆಯದು ಜೋಡಣೆಯ ಸಮಸ್ಯೆ. ತಂಪಾದ ತಾಮ್ರದ ವಾಹಕತೆ ಎಷ್ಟೇ ಏರಿದರೂ ಸೂಕ್ಷ್ಮತರಂಗಕ್ಕೆ ಕಾಣುವ ನಷ್ಟ ಕೆಲವೇ ಪಟ್ಟು ಇಳಿಯುತ್ತದೆ. ಆದರೆ ಕೋಣೆಯ ತಾಪಮಾನದಲ್ಲಿ ಸರಿಹೊಂದಿಸಿದ ಐರಿಸ್ (ಕ್ಯಾವಿಟಿಗೆ ತರಂಗ ಒಳಹೊಗುವ ರಂಧ್ರ) 4 ಕೆಲ್ವಿನ್‌ನಲ್ಲಿ ತಪ್ಪಾಗಲು ಅಷ್ಟೇ ಸಾಕು. ಆದ್ದರಿಂದ ಮೇಲಿನಿಂದಲೇ ಅದನ್ನು ಹೊಂದಿಸುವ ಏರ್ಪಾಡು ಬೇಕು. 1961ರಲ್ಲಿ ಜೇಮ್ಸ್ ಗಾರ್ಡನ್ ವಿವರಿಸಿದ ಜೋಡಕ ಇದಕ್ಕೆ ಇಂದಿಗೂ ಬಳಕೆಯಲ್ಲಿದೆ. ಕೆಳಗಿಳಿಯುವ ವೇವ್‌ಗೈಡ್ ತೆಳುಗೋಡೆಯ ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದು, ಒಳಮೈಗೆ ಮಾತ್ರ ಬೆಳ್ಳಿಯೋ ಚಿನ್ನವೋ ಲೇಪವಾಗಿರಬೇಕು. ದ್ರವ ಹೀಲಿಯಂನ ಪರಾವೈದ್ಯುತಾಂಕ ಸುಮಾರು 1.05. ಅದು ಕ್ಯಾವಿಟಿಯೊಳಗೆ ನುಗ್ಗಿ ಗುಳ್ಳೆಯೇಳುತ್ತಿದ್ದರೆ ಅನುರಣನ ಆವೃತ್ತಿ ಹೊಯ್ದಾಡುತ್ತದೆ. 2.17 ಕೆಲ್ವಿನ್‌ಗಿಂತ ಕೆಳಗೆ ಹೀಲಿಯಂ ಸೂಪರ್‌ಫ್ಲೂಯಿಡ್ ಆಗಿ ಗುಳ್ಳೆಗಳು ಥಟ್ಟನೆ ನಿಲ್ಲುತ್ತವೆ. ಅದಕ್ಕಿಂತ ಮೇಲೆ ಕ್ಯಾವಿಟಿಯನ್ನು ಸೀಲ್ ಮಾಡುವುದೇ ಸರಿ.

ತಾಪಮಾನ ಅಳೆಯುವ ಪ್ರಶ್ನೆಗೆ ಸಿಗಬೇಕಾದ ಗಮನ ಸಿಗುತ್ತಿಲ್ಲ. ಸೂಕ್ಷ್ಮತರಂಗ ಕ್ಷೇತ್ರದಲ್ಲಿ ತಾಪಮಾಪಕ ಇಡಲಾಗದ್ದರಿಂದ ಅದು ಮಾದರಿಯಿಂದ ದೂರ ಉಳಿಯುತ್ತದೆ, ಹರಿವಿನ ಕೊಳವೆಯಲ್ಲಿ ಆ ದೂರ ಕೆಲವು ಕೆಲ್ವಿನ್‌ಗಳ ವ್ಯತ್ಯಾಸ ತರಬಹುದು. ಕ್ಯೂರಿ ನಿಯಮಕ್ಕೆ ಬದ್ಧವಾದ ಪರಿಚಿತ ವಸ್ತುವನ್ನು ಮಾದರಿಯ ಪಕ್ಕದಲ್ಲಿಟ್ಟು ಅದರ ಸಂಕೇತವನ್ನೇ ತಾಪಮಾಪಕವಾಗಿ ಬಳಸುವುದು ಹೆಚ್ಚು ನಂಬಿಕೆಯ ಮಾರ್ಗ. ಇನ್ನು ಬೇಡದ ಸಂಕೇತಗಳು: ಗಾಜಿನಲ್ಲಿರುವ ಕಬ್ಬಿಣದ ಅಯಾನು ಜಿ 4.3ರಲ್ಲಿ ರೇಖೆ ಕೊಡುತ್ತದೆ, ಒಳಗೆ ಉಳಿದ ಗಾಳಿಯ ಆಮ್ಲಜನಕವೂ ಅನುಕಾಂತೀಯ. ಇವುಗಳ ಬಲವೂ ತಂಪಿನೊಂದಿಗೆ ಬೆಳೆಯುವುದರಿಂದ, ಖಾಲಿ ಕ್ಯಾವಿಟಿಯ ರೋಹಿತವಿಲ್ಲದ ದತ್ತಾಂಶವನ್ನು ನೆಚ್ಚುವಂತಿಲ್ಲ.

ತೀರಾ ಕೆಳಗಿನ ತಾಪಮಾನಗಳಲ್ಲಿ ಕ್ಯಾವಿಟಿಯ ಜಾಗಕ್ಕೆ ಅತಿವಾಹಕ ತೆಳುಪೊರೆಯ ಅನುರಣಕ ಬಂದಿದೆ. ಫ್ರಾನ್ಸಿನ ಸಾಕ್ಲೇಯ ತಂಡ 2016ರಲ್ಲಿ ಸಿಲಿಕಾನ್‌ನಲ್ಲಿನ ಬಿಸ್ಮತ್ ಸ್ಪಿನ್‌ಗಳನ್ನು ಇಂಥ ಅನುರಣಕಕ್ಕೂ ಜೋಸೆಫ್ಸನ್ ವರ್ಧಕಕ್ಕೂ ಸೇರಿಸಿ, ಒಂದೇ ಪ್ರತಿಧ್ವನಿಯಲ್ಲಿ ಸುಮಾರು 1700 ಸ್ಪಿನ್‌ಗಳನ್ನು ಗುರುತಿಸಿತು. 2023ರಲ್ಲಿ ಸೂಕ್ಷ್ಮತರಂಗದ ಫೋಟಾನುಗಳನ್ನು ಎಣಿಸಿ ಒಂದೇ ಎರ್ಬಿಯಂ ಅಯಾನಿನ ಸ್ಪಿನ್ನೂ ಪತ್ತೆಯಾಯಿತು.

ಭಾರತದ ಪ್ರಯೋಗಾಲಯಗಳಿಗೆ ಇವೆಲ್ಲದರ ಜೊತೆ ಹೀಲಿಯಂನ ಚಿಂತೆಯೂ ಇದೆ; ದೇಶಕ್ಕೆ ಬೇಕಾದ ಹೀಲಿಯಂ ಬಹುಪಾಲು ಆಮದು. ಪಲ್ಸ್ ಟ್ಯೂಬ್ ಶೀತಕಯಂತ್ರಗಳು ಆ ಅವಲಂಬನೆ ತಗ್ಗಿಸುತ್ತವೆ, ಬದಲಿಗೆ ಸೆಕೆಂಡಿಗೆ ಒಂದೆರಡು ಬಾರಿಯ ಕಂಪನವನ್ನು ತರುತ್ತವೆ. ಆ ಕಂಪನವನ್ನು ಕ್ಯಾವಿಟಿಗೆ ತಲುಪದಂತೆ ತಡೆಯುವ ತಾಮ್ರದ ಹೆಣೆಪಟ್ಟಿ, ಬೆಲ್ಲೋಸ್, ಅನಿಲ ವಿನಿಮಯ ಕೋಶಗಳನ್ನು ಇಲ್ಲಿನ ಕಾರ್ಯಾಗಾರಗಳಲ್ಲೇ ಮಾಡಬಹುದು. ಈ ಸಂಕಿರಣದಲ್ಲಿ ಮಂಡನೆಯಾಗುವ ಪ್ರತಿ ಉಪಕರಣದ ಜೊತೆಗೂ ನಾಲ್ಕು ಅಂಕಿಗಳು ಇರಲಿ: ಮಾದರಿಯ ಜಾಗದಲ್ಲಿ ಅಳೆದ ತಾಪಮಾನ, ಸ್ಯಾಚುರೇಷನ್ ಶುರುವಾಗುವ ಶಕ್ತಿ, ತಂಪಾದ ಮೇಲಿನ ಕ್ಯಾವಿಟಿಯ ಕ್ಯೂ ಮೌಲ್ಯ, ಗಂಟೆಗೆ ತಗಲುವ ಹೀಲಿಯಂ.